ನಾಲ್ಕರಲ್ಲಿ ಮಾತ್ರ ತಿರುಗುತ್ತಿದ್ದ ಬ್ಲೋವರ್

ಜುಲೈ ತಿಂಗಳು. ರಾತ್ರಿ ಕಾರಿನಲ್ಲಿ ಬದಿಯಡ್ಕದಿಂದ ಪೆರ್ಲದ ಕಡೆಗೆ ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಅಕ್ಕನ ಇಬ್ಬರು ಮಕ್ಕಳು. ನಮ್ಮ ಕಡೆಯ ಮಳೆ ಗೊತ್ತಲ್ವಾ, ವೈಪರ್ ಎಷ್ಟು ಜೋರಾಗಿಟ್ಟರೂ ಸಾಲದು. ಅಷ್ಟರಲ್ಲಿ ಗಾಜು ಒಳಗಿನಿಂದ ಮಬ್ಬಾಗತೊಡಗಿತು. ಒಳಗೆ ಗಾಳಿ ಊದುವ ಫ್ಯಾನನ್ನು, ಅಂದರೆ ಬ್ಲೋವರನ್ನು, ಎರಡಕ್ಕೆ ಇಟ್ಟೆ, ಗಾಳಿ ಇಲ್ಲ. ಮೂರಕ್ಕೆ ಇಟ್ಟೆ, ಇಲ್ಲ. ನಾಲ್ಕಕ್ಕೆ ತಿರುಗಿಸಿದಾಗ ಮಾತ್ರ ಭರ್ರೆಂದು ಬಂತು. ಮಕ್ಕಳು ಚಳಿ ಚಳಿ ಎನ್ನುತ್ತಿದ್ದರು, ಆದರೂ ನಿಲ್ಲಿಸುವ ಹಾಗಿರಲಿಲ್ಲ. ಹಾಗೆಯೇ ಮನೆ ಸೇರಿದೆವು.

ಎಸಿ ಇರುವುದು ಬಿಸಿಲಿಗೆ ಅಂತ ತುಂಬಾ ಜನ ತಿಳಿದಿದ್ದಾರೆ. ಕಾಸರಗೋಡಿನ ಮಳೆಗಾಲದಲ್ಲಿ ಅದು ಬೇಕಾಗುವುದು ಗಾಜಿಗೆ. ಎಸಿ ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ, ಆ ಒಣ ಗಾಳಿ ಗಾಜಿಗೆ ಬಡಿದರೆ ಮಬ್ಬು ಹೋಗುತ್ತದೆ. ಆಗ ಹೊರಗಿನ ಗಾಳಿ ಒಳಗೆ ಬರುವಂತೆ ಇಡಬೇಕು. ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟರೆ ನಮ್ಮ ಉಸಿರಿನ ತೇವ ಅಲ್ಲೇ ಉಳಿಯುತ್ತದೆ. ಬ್ಲೋವರ್ ನಿಂತರೆ ಎಸಿಯೂ ಓಡುವುದಿಲ್ಲ. ಅದಕ್ಕೇ ಈ ಫ್ಯಾನನ್ನು ನಾನು ಬ್ರೇಕಿನಷ್ಟೇ ಮುಖ್ಯ ಅನ್ನುವುದು.

ಮರುದಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ತೆಗೆದು ನೋಡದೆಯೇ ಮೋಟಾರ್ ಬದಲಿಸಬೇಕು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ನಾಲ್ಕರಲ್ಲಿ ಓಡುತ್ತದೆ ಅಂದಮೇಲೆ ಫ್ಯೂಸ್ ಸರಿ ಇದೆ, ಅದಕ್ಕೆ ಕರೆಂಟು ಹಾಯಿಸುವ ಸ್ವಿಚ್ಚಾದ ರಿಲೇ ಸರಿ ಇದೆ, ಮೋಟಾರಿಗೆ ಜೀವ ಇದೆ. ಒಂದು, ಎರಡು, ಮೂರರಲ್ಲಿ ಕರೆಂಟು ರೆಸಿಸ್ಟರ್ ಮೂಲಕ ಹೋಗುತ್ತದೆ, ಅದು ಕರೆಂಟನ್ನು ತಡೆದು ವೇಗ ಇಳಿಸುವ ಭಾಗ. ನಾಲ್ಕರಲ್ಲಿ ಅದನ್ನು ಬಿಟ್ಟು ನೇರ ಮೋಟಾರಿಗೆ ಹೋಗುತ್ತದೆ. ಗುಂಡಿ ತಿರುಗಿಸುವ ಹಳೆಯ ಮಾದರಿಯ ಕಾರುಗಳಲ್ಲಿ ಇದು ಹೀಗೆಯೇ. ತನ್ನಷ್ಟಕ್ಕೆ ತಂಪು ಹೊಂದಿಸಿಕೊಳ್ಳುವ ಎಸಿ ಇರುವ ಕಾರಿನಲ್ಲಿ ವೇಗ ಹೊಂದಿಸಲು ಬೇರೆಯೇ ಎಲೆಕ್ಟ್ರಾನಿಕ್ ಭಾಗ ಇರುತ್ತದೆ. ಅದಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ.

ಬ್ಯಾಟರಿಯ ನೆಗೆಟಿವ್ ಕಳಚಿ, ಸ್ವಲ್ಪ ಹೊತ್ತು ಬಿಟ್ಟು, ಗ್ಲೋವ್ ಬಾಕ್ಸ್ ತೆಗೆದೆ. ಎಡಗಡೆ ಏರ್‌ಬ್ಯಾಗ್ ಇದ್ದರೆ ಈ ಕಾಯುವಿಕೆ ಬಿಡಲೇಬಾರದು. ರೆಸಿಸ್ಟರ್ ಕೈಗೆ ಬಂತು. ಅದಕ್ಕೆ ವೈರ್ ಸೇರುವ ಪ್ಲಗ್, ಅಂದರೆ ಕಪ್ಲರ್, ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು, ಪಿನ್ನಿನ ಸುತ್ತ ಪ್ಲಾಸ್ಟಿಕ್ ಕರಗಿ ಕುಗ್ಗಿತ್ತು. ಮಲ್ಟಿಮೀಟರ್ ಇಟ್ಟೆ. ಸರಿ ಇದ್ದಿದ್ದರೆ ಕೆಲವೇ ಓಮ್ ತೋರಿಸಬೇಕಿತ್ತು, ಏನೂ ತೋರಿಸಲಿಲ್ಲ, ಅಂದರೆ ಒಳಗೆಲ್ಲೋ ಕಡಿದಿದೆ. ಸುರುಳಿಗಳು ನೋಡಲು ಸರಿ ಇದ್ದವು. ಹೋಗಿದ್ದು ಅದರ ಮೇಲಿನ ಪುಟ್ಟ ಶಾಖದ ಫ್ಯೂಸ್. ಜಾಸ್ತಿ ಬಿಸಿಯಾದರೆ ಅದು ತಾನಾಗಿಯೇ ಕಡಿಯುತ್ತದೆ, ಆಗ ಕಡಿಮೆ ವೇಗಗಳೆಲ್ಲ ಒಟ್ಟಿಗೆ ಹೋಗುತ್ತವೆ. ಕೆಲವರು ಅಲ್ಲಿಗೆ ಒಂದು ತುಂಡು ವೈರ್ ಹಾಕಿ ಬೆಸುಗೆ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡ್ಯಾಶ್‌ಬೋರ್ಡಿನೊಳಗೆ ಬೆಂಕಿ ಹತ್ತದಂತೆ ಕಾಯುವುದು ಅದೇ.

ಹೊಸ ರೆಸಿಸ್ಟರ್, ಹೊಸ ಕಪ್ಲರ್ ತಂದು ಹಾಕಿದೆ. ನಾಲ್ಕೂ ವೇಗ ಬಂದವು. ಮೂರು ವಾರಕ್ಕೆ ಮತ್ತೆ ಅದೇ ಕತೆ!

ಆಗ ನನಗೆ ಹೊಳೆಯಿತು. ಸುಟ್ಟ ಭಾಗವನ್ನು ಬದಲಿಸಿದ್ದೆ, ಯಾಕೆ ಸುಟ್ಟಿತು ಅಂತ ನೋಡಿರಲಿಲ್ಲ. ರೆಸಿಸ್ಟರ್ ಕೂರುವುದು ಫ್ಯಾನಿನ ಗಾಳಿಯ ದಾರಿಯಲ್ಲೇ, ಅದು ತಣ್ಣಗಿರುವುದೂ ಆ ಗಾಳಿಯಿಂದಲೇ. ಗಾಳಿ ಕಡಿಮೆಯಾದರೆ ಅದು ಬಿಸಿಯಾಗುತ್ತದೆ. ಮೋಟಾರ್ ಬಿಗಿಯಾಗಿ ಕರೆಂಟು ಜಾಸ್ತಿ ಎಳೆದರೂ ಬಿಸಿಯಾಗುತ್ತದೆ.

ನಮ್ಮ ಪಕ್ಕದ ಮನೆಯ ಹುಡುಗ ಸೋಲಾರ್ ಕೆಲಸ ಮಾಡುತ್ತಾನೆ. ಅವನಲ್ಲಿ ವೈರಿನ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಕೇಳಿದೆ. "ಅಣ್ಣಾ, ಮನೆ ಕರೆಂಟಿನದ್ದು ಇದಕ್ಕೆ ಆಗ್ಲಿಕ್ಕಿಲ್ಲ. ಡಿಸಿ ಅಳೆಯುವುದೇ ಬೇಕು," ಅಂತ ತನ್ನದನ್ನೇ ತಂದುಕೊಟ್ಟ. ಅವನು ಹೇಳದಿದ್ದರೆ ಸುಮ್ನೆ ಸೊನ್ನೆ ನೋಡಿಕೊಂಡು ಕೂರುತ್ತಿದ್ದೆ. ನಾಲ್ಕರಲ್ಲಿ 23 ಆಂಪಿಯರ್ ತೋರಿಸಿತು. ಇಷ್ಟು ಚಿಕ್ಕ ಕಾರಿಗೆ ಅದು ಜಾಸ್ತಿ.

ಮೂರು ಸ್ಕ್ರೂ ಬಿಚ್ಚಿ ಮೋಟಾರನ್ನು ಕೆಳಗಿಳಿಸಿದೆ. ಇಳಿಸುವಾಗಲೇ ಮುಖದ ಮೇಲೆ ಕಸ ಸುರಿಯಿತು. ಫ್ಯಾನಿನ ರೆಕ್ಕೆಗಳ ನಡುವೆ ಹಲಸಿನ ಎಲೆಯ ಚೂರು, ಅಡಿಕೆ ಸಿಪ್ಪೆಯ ನಾರು, ಇಲಿಯ ಹಿಕ್ಕೆ. ನಾರು ಎಷ್ಟು ಚೆನ್ನಾಗಿ ಸುತ್ತಿಕೊಂಡಿತ್ತೆಂದರೆ ಒಂದು ಪಾಲು ರೆಕ್ಕೆಗಳು ಕಾಣುತ್ತಲೇ ಇರಲಿಲ್ಲ. ಫ್ಯಾನನ್ನು ಬೆರಳಿನಿಂದ ತಿರುಗಿಸಿದೆ. ಸರಿ ಇದ್ದರೆ ಸಲೀಸಾಗಿ ತಿರುಗಬೇಕು, ಇದು ಅರ್ಧ ಸುತ್ತಿಗೆ ಕರಕರ ಎಂದು ನಿಂತಿತು. ಶಾಫ್ಟಿನಲ್ಲಿ ತುಕ್ಕು ಹಿಡಿದಿತ್ತು.

ತುಕ್ಕು ಹಿಡಿಯಬೇಕಾದರೆ ನೀರು ಬರಬೇಕು, ಅಲ್ವಾ? ಬಾನೆಟ್ ಎತ್ತಿ ವೈಪರಿನ ಕೆಳಗಿನ ಜಾಲರಿ ತೆಗೆದೆ. ಕಾರು ನಿಲ್ಲುವುದು ನಮ್ಮ ಅಂಗಳದ ಹಲಸಿನ ಮರದಡಿ. ಎಲೆಗಳು ಅಲ್ಲಿ ಕೊಳೆತು ಗೊಬ್ಬರವಾಗಿ ನೀರು ಹೋಗುವ ತೂತನ್ನು ಮುಚ್ಚಿದ್ದವು. ಒಂದು ಚೊಂಬು ನೀರು ಹೊಯ್ದು ನೋಡಿದೆ. ಕೆಳಗೆ ಹರಿಯದೆ ಮೇಲೇರಿ, ಗಾಳಿ ಒಳಹೋಗುವ ಬಾಯಿಯ ಕಡೆ ವಾಲಿತು. ಮಳೆಗಾಲ ಪೂರ್ತಿ ಆ ನೀರು ಮೋಟಾರಿನ ಮೇಲೆ ತೊಟ್ಟಿಕ್ಕಿದೆ. ಇಲಿ ಬಂದದ್ದೂ ಅದೇ ಬಾಯಿಂದ. ಕಾರಿನಲ್ಲಿ ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರಿಗೆ ಜಾಗ ಇತ್ತು, ಫಿಲ್ಟರ್ ಇರಲಿಲ್ಲ. ಕಡಿಮೆ ಬೆಲೆಯ ಮಾದರಿಗಳಲ್ಲಿ ಹಾಗೆ ಬರುವುದುಂಟು. ನಿಮ್ಮದರಲ್ಲಿ ಇದೆಯಾ ಅಂತ ಒಮ್ಮೆ ಕೈ ಹಾಕಿ ನೋಡಿ.

ಕೊನೆಗೆ ಮೋಟಾರನ್ನೂ ಬದಲಿಸಬೇಕಾಯಿತು. ಗ್ಯಾರೇಜಿನವರ ಮಾತಿನಂತೆ ಮೋಟಾರ್ ಒಂದನ್ನೇ ಬದಲಿಸಿದ್ದರೆ ಒಂದು, ಎರಡು, ಮೂರು ಬರುತ್ತಲೇ ಇರಲಿಲ್ಲ, ತೊಟ್ಟಿಕ್ಕುವ ನೀರು ಹೊಸ ಮೋಟಾರನ್ನೂ ತಿನ್ನುತ್ತಿತ್ತು. ಮೊದಲು ತೂತು ಬಿಡಿಸಿ, ಇನ್ನೊಂದು ಚೊಂಬು ನೀರು ಹೊಯ್ದು ಅದು ಟೈರಿನ ಹಿಂದೆ ಇಳಿಯುವುದನ್ನು ನೋಡಿದೆ. ಆಮೇಲೆ ಮೋಟಾರ್, ರೆಸಿಸ್ಟರ್, ಫಿಲ್ಟರ್ ಹಾಕಿದೆ. ಮೀಟರ್ 15 ಆಂಪಿಯರ್ ತೋರಿಸಿತು. ಗಾಳಿ ಒಳಹೋಗುವ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕತ್ತರಿಸಿ ಕೂರಿಸಿದೆ.

ಈಗ ಎರಡು ಮಳೆಗಾಲ ಕಳೆದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಆದಿತ್ಯವಾರ ಬೆಳಗ್ಗೆ ವೈಪರಿನ ಕೆಳಗೆ ಕೈ ಹಾಕಿ ಎಲೆ ತೆಗೆಯುತ್ತೇನೆ, ಒಂದು ಚೊಂಬು ನೀರು ಹೊಯ್ಯುತ್ತೇನೆ. ಬ್ಲೋವರ್ ಎರಡರಲ್ಲೇ ಇರುತ್ತದೆ, ಗಾಜು ತಿಳಿಯಾಗಿರುತ್ತದೆ.