ಬಿಸಿಲಿಗೆ ಚರ್ಮ ಸುಟ್ಟರೆ ಮುಲಾಮು ಹಚ್ಚುವುದು ಹೇಗೆ?

ಮೊನ್ನೆ ಭಾನುವಾರ ನನ್ನ ತಂಗಿ ಮಗ ಜಯನಗರದಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಕ್ರಿಕೆಟ್ ಆಡಿ ಬಂದ. ಸಂಜೆಗೆ ಶರ್ಟಿನ ಕಾಲರ್ ತಾಗಿದರೂ ಕೂಗಿಕೊಳ್ಳುವಷ್ಟು ಕುತ್ತಿಗೆ ಉರಿ. ಮನೆಯವರು ಟೂತ್‌ಪೇಸ್ಟ್ ಬಳಿದಿದ್ದರು. ಅದು ಒಣಗಿ ಬಿರಿದು ಅಂಟಿಕೊಂಡಿತ್ತು, ತೊಳೆದು ತೆಗೆಯುವಷ್ಟರಲ್ಲಿ ಪಾಪ, ಹುಡುಗನ ಕಣ್ಣಲ್ಲಿ ನೀರು. ಬೆಂಗಳೂರಿನ ತಂಪು ಗಾಳಿಯಲ್ಲಿ ಚರ್ಮ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ನಮ್ಮೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ನೇರಳಾತೀತ ಕಿರಣ ಇಲ್ಲಿ ಇನ್ನೂ ಜೋರು.

ಮೊದಲು ನೆರಳಿಗೆ ಬನ್ನಿ, ನೀರು ಕುಡಿಯಿರಿ. ಹತ್ತಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ 10-15 ನಿಮಿಷ ಇಡಿ, ದಿನಕ್ಕೆ ಮೂರ್ನಾಲ್ಕು ಸಲ. ಐಸ್ ಬೇಡ.

ಚರ್ಮ ಇನ್ನೂ ಒದ್ದೆ ಇರುವಾಗಲೇ ಪರಿಮಳವಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಕುಂಡದ ಲೋಳೆಸರವೂ ಆಗುತ್ತದೆ, ಆದರೆ ಎಲೆ ಕತ್ತರಿಸಿದಾಗ ಇಳಿಯುವ ಹಳದಿ ರಸವನ್ನು ತೊಳೆದುಬಿಡಿ, ಅದು ತುರಿಕೆ ತರುತ್ತದೆ. ನಿಂಬೆರಸವಂತೂ ಬೇಡವೇ ಬೇಡ, ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು.

ಜಾಸ್ತಿ ಜನ ಎಡವುವುದು ಸ್ಟೀರಾಯ್ಡ್ ಕ್ರೀಮಿನಲ್ಲಿ. ಅದು ಉರಿಯೂತವನ್ನು ಸ್ವಲ್ಪ ತಗ್ಗಿಸಬಹುದು ಅಷ್ಟೇ, ಸುಟ್ಟ ಚರ್ಮವನ್ನು ಮೊದಲಿನಂತೆ ಮಾಡುವುದಿಲ್ಲ. ಕೆಂಪು ಸಾಮಾನ್ಯವಾಗಿ 12ರಿಂದ 24 ಗಂಟೆಯವರೆಗೂ ಏರುತ್ತಲೇ ಇರುತ್ತದೆ. ಕ್ರೀಮ್ ಕೆಲಸ ಮಾಡುತ್ತಿಲ್ಲ ಅಂತ ಗಾಬರಿಯಾಗಿ ಮತ್ತೆ ಮತ್ತೆ ಬಳಿಯುವುದು ಆಗಲೇ. ಹಾಗೆ ಮಾಡಬೇಡಿ. ಡಾಕ್ಟರನ್ನು ಕೇಳಿ, ಒಪ್ಪಿದರೆ 1% ಹೈಡ್ರೋಕಾರ್ಟಿಸೋನ್‌ನಂಥ ಸೌಮ್ಯವಾದದ್ದನ್ನು ದಿನಕ್ಕೆ ಒಂದೆರಡು ಸಲ, ಎರಡು ಮೂರು ದಿನ ಹಚ್ಚಿದರೆ ಸಾಕು. ಅಳತೆ ಹೀಗೆ: ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಉದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಬರುತ್ತದೆ. ಉಜ್ಜಬೇಡಿ, ತೆಳ್ಳಗೆ ಸವರಿ. ಬೊಬ್ಬೆ ಬಂದಿದ್ದರೆ, ಚರ್ಮ ಒಡೆದಿದ್ದರೆ ಅಲ್ಲಿ ಹಚ್ಚಲೇಬೇಡಿ.

ಮೆಡಿಕಲ್ ಶಾಪಿನಲ್ಲಿ "ಟ್ಯಾನ್ ಹೋಗಕ್ಕೆ ಒಂದು ಕ್ರೀಮ್ ಕೊಡಿ" ಅಂತ ಸುಮ್ನೆ ಕೇಳಿ ತರುವವರನ್ನು ಎಷ್ಟು ಜನ ನೋಡಿದ್ದೇನೋ. ಟ್ಯೂಬ್ ತಿರುಗಿಸಿ ಓದಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಅಂತಿದ್ದರೆ ಅವು ಜೋರಾದ ಸ್ಟೀರಾಯ್ಡ್‌ಗಳು, ಮುಖಕ್ಕೆ ನಿಮ್ಮಷ್ಟಕ್ಕೆ ಹಚ್ಚಬೇಡಿ. ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳ್ಳಗಾಗಿ ರಕ್ತನಾಳ ಎದ್ದು ಕಾಣುತ್ತದೆ, ಬಿಟ್ಟ ಮೇಲೆ ಉರಿ ಶುರುವಾಗಬಹುದು. ಮೊಡವೆ, ಕಲೆಗೆ ಕೊಡುವ ಟ್ರೆಟಿನಾಯಿನ್ ಬೆರೆತಿದ್ದರೆ ಸುಟ್ಟ ಚರ್ಮ ಇನ್ನಷ್ಟು ಕೆರಳುತ್ತದೆ.

ಬೊಬ್ಬೆ ಒಡೆಯಬೇಡಿ, ಸಿಪ್ಪೆ ಎದ್ದರೆ ಎಳೆಯಬೇಡಿ. ಜ್ವರ, ಚಳಿ, ವಾಂತಿ, ಮುಖ ಊದುವುದು, ಮೈ ತುಂಬ ಬೊಬ್ಬೆ ಇದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.