ಮಳೆಯಲ್ಲಿ ಬೈಕ್ ಬ್ರೇಕ್: ಎಷ್ಟು ಅಂತರ ಬಿಡಬೇಕು?

ಬೈಕ್ ಓಡಿಸುವವರು ಇದನ್ನು ನೆನಪಿಡಿ. ವೇಗ ಗಂಟೆಗೆ 30ರಿಂದ 60 ಕಿ.ಮೀ.ಗೆ ಏರಿದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ಸುಮಾರು 4 ಪಟ್ಟು ಆಗುತ್ತದೆ. ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ 60ರ ವೇಗದಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತೀರಿ!

ಕೊನೆಗೆ ಗಾಡಿ ನಿಲ್ಲಿಸುವುದು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಮಳೆ ಬಂದರೆ ಅದು ಕಡಿಮೆ. ಮೊದಲ ಮಳೆಯಲ್ಲಂತೂ ಎಣ್ಣೆ, ಧೂಳು ಸೇರಿ ರಸ್ತೆ ಜಾಸ್ತಿ ಜಾರುತ್ತದೆ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅಲ್ಲಿಗೆ ತಲುಪಲು ಕನಿಷ್ಠ 4 ಸೆಕೆಂಡ್ ಆಗಬೇಕು.

ಎರಡೂ ಬ್ರೇಕ್ ಒಟ್ಟಿಗೆ, ಮೆಲ್ಲಗೆ ಒತ್ತಿ. ಸುಮ್ನೆ ಹಿಂದಿನದನ್ನೇ ನಂಬಬೇಡಿ. ಬ್ರೇಕ್ ಹಿಡಿದಾಗ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಡಿತ ಅಲ್ಲೇ ಜಾಸ್ತಿ.