ಕಾಗದದ ಮೇಲೆ ಕಪ್ಪು ಹುಟ್ಟಿಸಿ ನೋಡಿ

ಅಂಗಡಿಯ ಕಪ್ಪು ಬಣ್ಣ ಹಚ್ಚಿದ ಕ್ಷಣದಿಂದ ಕಪ್ಪೇ. ಅದರಲ್ಲಿ ಕೆದಕುವುದಕ್ಕೇನೂ ಇಲ್ಲ. ಬಟ್ಟೆಯ ಮೇಲೆ ಕಲಮಿನಿಂದ ಚಿತ್ರ ಬರೆಯುವ ಶ್ರೀಕಾಳಹಸ್ತಿಯ ಕಲಂಕಾರಿಯವರ ಕಪ್ಪು ಹಾಗಲ್ಲ: ತುಕ್ಕು ಕಬ್ಬಿಣ, ಬೆಲ್ಲ, ನೀರು ಸೇರಿಸಿ ಹುಳಿಬರಿಸಿದ ದ್ರವ ಅಳಲೆಕಾಯಿಯ ಒಗರು ಹೀರಿದ ಬಟ್ಟೆಗೆ ತಾಗಿದಾಗಲೇ ಕಪ್ಪಾಗುವುದು. ಕುತೂಹಲಕ್ಕೆ ಇದಕ್ಕಿಂತ ಒಳ್ಳೆಯ ಆಟ ಸಿಗದು.

ಮನೆಯಲ್ಲಿ ಬೆಲ್ಲದ ನೀರಿನ ಬದಲು ವಿನೆಗರ್ ಸಲೀಸು. ಗಾಜಿನ ಬಾಟಲಿಗೆ ಒಂದು ಹಿಡಿ ತುಕ್ಕು ಮೊಳೆ, ಮೇಲೆ 200 ಮಿ.ಲೀ. ಬಿಳಿ ವಿನೆಗರ್ ಹಾಕಿ ಒಂದು ವಾರ ಇಡಿ. ಮುಚ್ಚಳ ಬಿಗಿಯಬೇಡಿ, ಒಳಗೆ ಗ್ಯಾಸ್ ತುಂಬುತ್ತದೆ. ಹೊಳೆಯುವ ಮೊಳೆಗೆ ಸತುವಿನ ಲೇಪವಿರಬಹುದು; ಗುಜರಿಯದೇ ಮೇಲು. ಇನ್ನೊಂದು ಕಡೆ 10 ಗ್ರಾಂ ಅಳಲೆಕಾಯಿ ಪುಡಿಯನ್ನು 200 ಮಿ.ಲೀ. ನೀರಲ್ಲಿ ಕಾಲು ಗಂಟೆ ಕುದಿಸಿ, ಬಟ್ಟೆಯಲ್ಲಿ ಸೋಸಿ. ಈ ಪಾತ್ರೆಗಳು ಮತ್ತೆ ಅಡುಗೆಗೆ ಬೇಡ.

ದಪ್ಪನೆಯ (300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣ ಕಾಗದದಲ್ಲಿ ಚೌಕಗಳನ್ನು ಎಳೆಯಿರಿ. ಒಂದಕ್ಕೆ ಅಳಲೆ, ಒಂದಕ್ಕೆ ಗಟ್ಟಿ ಚಹಾ ಡಿಕಾಕ್ಷನ್, ಒಂದಕ್ಕೆ ದಾಳಿಂಬೆ ಸಿಪ್ಪೆಯ ಕಷಾಯ ಹಚ್ಚಿ ಪೂರ್ತಿ ಒಣಗಿಸಿ. ಒಂದು ಚೌಕ ಖಾಲಿಯೇ ಇರಲಿ. ಎಲ್ಲ ಚೌಕಗಳಿಗೂ ಕಬ್ಬಿಣದ ನೀರು, ಅಂದರೆ ಮೊಳೆ ನೆನೆದ ವಿನೆಗರ್, ಹಚ್ಚುವ ಮೊದಲು, ಯಾವುದು ಎಷ್ಟು ಕಪ್ಪಾದೀತು ಎಂದು ಪ್ರತಿ ಚೌಕದ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ. ಊಹೆ ಬರೆದಿಡದಿದ್ದರೆ ಏನು ಬಂದರೂ "ಗೊತ್ತೇ ಇತ್ತು" ಅನ್ನಿಸಿಬಿಡುತ್ತದೆ. ಊಹೆ ತಪ್ಪಿದ ಚೌಕವೇ ಮುಂದಿನ ಕೆಲಸ ತೋರಿಸುವುದು.

ಹಚ್ಚಿದೊಡನೆ ಬೂದು ಕಂಡರೆ ಗಾಬರಿ ಬೇಡ. ಗಾಳಿ ತಾಗಿದಂತೆ ಗಾಢವಾಗುತ್ತದೆ, ಮರುದಿನ ನೋಡಿಯೇ ತೀರ್ಮಾನಿಸಿ. ಖಾಲಿ ಚೌಕದಲ್ಲಿ ಉಳಿಯುವುದು ಬರೀ ತುಕ್ಕಿನ ಬಣ್ಣ. ಕಷಾಯಕ್ಕೂ ಕಬ್ಬಿಣದ ನೀರಿಗೂ ಒಂದೇ ಕುಂಚ ಅದ್ದಿದರೆ ಬಟ್ಟಲಿನ ದ್ರವವೇ ಕಪ್ಪಾಗಿ ಗಷ್ಟು ಕಟ್ಟುತ್ತದೆ. ಕುಂಚ ಎರಡಿರಲಿ.

ಮುಂದಿನ ಹಾಳೆಯಲ್ಲಿ ಒಂದನ್ನು ಮಾತ್ರ ಬದಲಿಸಿ: ಕಷಾಯದ ಗಾಢತೆ, ಇಲ್ಲವೇ ಹಚ್ಚುವ ಸುತ್ತು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಒಣಗಿದ ಕಪ್ಪಿನ ಮೇಲೆ ನಿಂಬೆರಸದ ಗೆರೆ ಎಳೆದು ನೋಡಲೇಬೇಕು. ಹುಳಿ ಕಬ್ಬಿಣವನ್ನು ಬಿಡಿಸಿಕೊಂಡು ಗೆರೆ ತಿಳಿಯಾಗುತ್ತದೆ. ಕತ್ತಲೆಯಲ್ಲಿ ಬೆಳಕು ಬರೆಯಲು ಇದೇ ಕುಂಚ. ಬೆರಳು ಒತ್ತಿ ಎಳೆದರೆ ಬೇರೆ, ಹನಿ ಬೀಳಿಸಿದರೆ ಬೇರೆ.

ಇಟ್ಟುಕೊಳ್ಳುವ ಚಿತ್ರಕ್ಕೆ ಕಬ್ಬಿಣದ ನೀರಿಗೆ ಅಷ್ಟೇ ಸಾದಾ ನೀರು ಬೆರೆಸಿ. ಕಬ್ಬಿಣ, ಹುಳಿ ಹೆಚ್ಚಾದರೆ ವರ್ಷಗಳಲ್ಲಿ ಕಾಗದ ಕಂದಾಗಿ, ಗೆರೆಯ ಉದ್ದಕ್ಕೂ ಮುರಿಯುತ್ತದೆ.